ಯಾದಗಿರಿ ಸೀಮೆಯಲ್ಲಿ ಕಾಲ್ನಡೆಯ ಸಂಚಾರ

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ತಾಯಿತಂದೆಗಳಿಗೂ ಈ ಲೇಖನವನ್ನು ಒಪ್ಪಿಸುವಾಗ, ಮೊದಲು ಒಂದು ಪ್ರಶ್ನೆಯನ್ನು ಜ್ಞಾಪಿಸಿಕೊಳ್ಳುವುದು ಉಚಿತವೆಂದು ತೋರುತ್ತದೆ. ಕೆಲವು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಹುಡುಗಿಯರನ್ನು ಒಂದು ದಿನದ ಮಟ್ಟಿಗೆ ಕಾಲ್ನಡೆಯಿಂದ ಸುತ್ತಿಸಿಕೊಂಡು ಬರುವೆನೆಂದು ಪಾಲಕರಿಗೆ ಚೀಟಿ ಕಳುಹಿಸಿದ್ದೆನು. ಒಬ್ಬ ಹುಡುಗಿಯ ತಂದೆಯವರು ತಾವೇ ಶಾಲೆಗೆ ಬಂದು, ಬಹು ಮರ್ಯಾದೆಯಿಂದಲೇ ಕೇಳಿದರು: “ಅಕ್ಕೋರ, ಮೈಸೂರಿಗೋ ಬೇಲೂರಿಗೋ ಕರಕೊಂಡು ಹೋಗ್ತೀನಿ ಅಂದ್ರ ರೊಕ್ಕಾ ಕೊಟ್ಟು ಕಳಿಸ್ತೀನ್ರಿ. ನಮ್ಮ ಕಡೆ ಬರೇ ಕಲ್ಲು, ಬಿಸಲು. ಅದನ್ನ ನೋಡಾಕ ನಡಕೊಂತ ಯಾಕ ಹೋಗಬೇಕ್ರಿ?” ಆಗ ನಾನು ಕೊಟ್ಟ ಉತ್ತರವು ಅವರಿಗೂ ತೃಪ್ತಿಕರವಾಗಲಿಲ್ಲ, ನನಗೂ ಆಗಲಿಲ್ಲ. ಆ ಹುಡುಗಿ ಆ ದಿನ ಬರಲಿಲ್ಲ. ಅಂದು ಬಾಯಿಗೆ ಬಾರದ ಉತ್ತರವನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಕಲ್ಲು, ಬಿಸಿಲು ಎಂದು ಅವರು ಹೇಳಿದುದು ಸುಳ್ಳಲ್ಲ. ಆದರೆ ಎಂಥ ಕಲ್ಲು, ಅದು ಅಲ್ಲಿಗೆ ಹೇಗೆ ಬಂದಿತು, ಯಾರು ನಿಲ್ಲಿಸಿದರು ಎಂಬುದನ್ನು ರೈಲಿನ ಕಿಟಕಿಯಿಂದಾಗಲಿ ಬಸ್ಸಿನ ಕಿಟಕಿಯಿಂದಾಗಲಿ ತಿಳಿಯುವುದು ಸಾಧ್ಯವಿಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯು ರಾಯಚೂರನ್ನು ಮುಟ್ಟಿದಂದಿನಿಂದ ಎಷ್ಟೋ ಲಕ್ಷ ಜನರು ಯಾದಗಿರಿಯ ಮೇಲೆ ಹಾದು ಹೋಗಿದ್ದಾರೆ. ಅವರಲ್ಲಿ ಬಹುಮಂದಿ ಕಂಡುದು ಎರೆಯ ಹೊಲ, ಒಂದು ಬೆಟ್ಟ, ಒಂದು ಹೊಳೆ, ಇಷ್ಟೇ. ನಮ್ಮ ಸೀಮೆಯು ತನ್ನ ಐಶ್ವರ್ಯವನ್ನು ದಾರಿಯ ಮಗ್ಗುಲಿಗೆ ಇಟ್ಟುಕೊಂಡಿಲ್ಲ. ಅದು ದಾರಿಯಿಂದ ಅರ್ಧ ಗಂಟೆ, ಒಂದು ಗಂಟೆ ನಡೆದವರಿಗೆ ಮಾತ್ರ ಕಾಣಿಸುವಂಥದು.

ಮೊದಲು ನೆಲದ ವಿಚಾರವನ್ನು ಸ್ವಲ್ಪ ತಿಳಿಯಬೇಕು. ಕೃಷ್ಣೆಯೂ ಭೀಮೆಯೂ ರಾಯಚೂರಿನ ಉತ್ತರಕ್ಕೆ ಕೂಡುವುದಕ್ಕೆ ಮುಂಚೆ ತಮ್ಮ ನಡುವೆ ಒಂದು ನಾಲಿಗೆಯಂಥ ಭೂಮಿಯನ್ನು ಹಿಡಿದುಕೊಂಡಿವೆ. ಶಹಾಪುರವೂ ಸುರಪುರವೂ ಈ ನಾಲಿಗೆಯ ಮೇಲಿವೆ. ಯಾದಗಿರಿಯು ಭೀಮೆಯ ಆಚೆಯ ದಡದಲ್ಲಿದೆ. ಪಂಡಿತರು ಇದನ್ನು ಸುರಪುರದ ದೋಆಬು ಎಂದು ಕರೆಯುವ ವಾಡಿಕೆಯುಂಟು. ಇಲ್ಲಿ ಎರಡು ಜಾತಿಯ ಕಲ್ಲುಗಳಿವೆ. ಒಂದು, ನಮ್ಮ ಬೆಟ್ಟಗಳ ಬೆಣಚು ಬೆರೆತ ಕರಿ-ಕೆಂಪು ಗ್ರಾನೈಟು. ಇದು ಭೂಗರ್ಭದಲ್ಲಿ ಕರಗಿದ ಪದಾರ್ಥವು ನಿಧಾನವಾಗಿ ಆರಿ ಗಟ್ಟಿಯಾದುದು. ಇದರ ವಯಸ್ಸು ಸುಮಾರು ೨೫೦ ಕೋಟಿ ವರ್ಷವೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಇನ್ನೊಂದು, ಹಾಸುಗಲ್ಲಾಗಿ ನಮ್ಮ ಮನೆಗಳ ಅಂಗಳದಲ್ಲಿಯೂ ಮಾಳಿಗೆಯ ಮೇಲೆಯೂ ಕಾಣುವ ಸುಣ್ಣಗಲ್ಲು; ಶಹಾಬಾದಿನ ಕಲ್ಲೆಂದು ಮಾರಾಟವಾಗುವುದು ಇದೇ. ಇದು ಒಂದಾನೊಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಜೋಳದ ರೊಟ್ಟಿ ಬಡಿಯುವ ನಮ್ಮ ಅಡಿಗೆಮನೆಯ ನೆಲವು ಹಿಂದೆ ಸಮುದ್ರದ ನೆಲವಾಗಿದ್ದಿತೆಂಬುದನ್ನು ಹುಡುಗಿಯರಿಗೆ ಹೇಳಿದಾಗ ಅವರು ನಕ್ಕುದೇ ಹೆಚ್ಚು. ಆದರೆ ಕಲ್ಲಿನ ಅಂಚನ್ನು ಬಗ್ಗಿ ನೋಡಿ ಪದರಗಳನ್ನು ಬೆರಳಿನಿಂದ ಮುಟ್ಟಿದ ಮೇಲೆ ನಗುವು ನಿಂತಿತು.

ಗ್ರಾನೈಟು ಗುಂಡಾಗುವ ರೀತಿಯೂ ತಿಳಿದಿರತಕ್ಕದ್ದೇ. ನಮ್ಮ ಬೆಟ್ಟಗಳ ಮೇಲೆ ಒಂದರ ಮೇಲೊಂದು ಇಟ್ಟಂತೆ ಕೂತಿರುವ ಗುಂಡುಗಳನ್ನು ಭೀಮಸೇನನು ಆಡಿ ಬಿಟ್ಟ ಗೋಲಿಗಳೆಂದು ಹಿರಿಯರು ಹೇಳುತ್ತಿದ್ದರು. ಯಾರೂ ಅವನ್ನು ಹೊತ್ತು ತಂದವರಲ್ಲ. ಬಂಡೆಯು ನೆಲದೊಳಗಿರುವಾಗಲೇ ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಬಿರುಕು ಬಿಟ್ಟು ಚೌಕಗಳಾಗುತ್ತದೆ. ಮಳೆಯ ನೀರು ಬಿರುಕುಗಳಲ್ಲಿ ಇಳಿದು, ಚೌಕದ ಮೂಲೆಗಳನ್ನು ಎರಡು ಮೂರು ಕಡೆಯಿಂದ ಒಮ್ಮೆಗೇ ತಿನ್ನುವುದರಿಂದ ಮೂಲೆಗಳು ಮೊದಲು ಕರಗುತ್ತವೆ. ಸಕ್ಕರೆಯ ಚೌಕವನ್ನು ಬಾಯಲ್ಲಿಟ್ಟುಕೊಂಡರೆ ಅದು ಹೇಗೆ ಮೊದಲು ದುಂಡಗಾಗುವುದೋ ಹಾಗೆ. ಸಡಿಲವಾದ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲಿಯೇ ಉಳಿಯುತ್ತವೆ. ಯಾದಗಿರಿಯ ಕೋಟೆಯ ಬೆಟ್ಟವನ್ನು ಹತ್ತುವಾಗ ಈ ಕೆಲಸದ ಎಲ್ಲಾ ಹಂತಗಳನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಕೋಟೆಯ ಗೋಡೆಯವರು ಈ ಗುಂಡುಗಳನ್ನು ತೆಗೆಯದೆ, ಅವನ್ನೇ ಗೋಡೆಯ ಭಾಗವಾಗಿ ಮಾಡಿಕೊಂಡಿರುವುದು ಅವರ ಜಾಣತನ. ಮೇಲೆ ಮಳೆನೀರಿನ ಹೊಂಡಗಳೂ ಹಳೆಯ ತೋಪುಗಳೂ ಇವೆ. ಭೀಮೆಯು ಬಯಲಿನಲ್ಲಿ ಹೊರಳಿ ಹೋಗುವುದು ಕಾಣುತ್ತದೆ. ಯಾದಗಿರಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ದೂರದೂರಿಗೆ ಹೋಗುವವರೆಗೂ ಈ ಬೆಟ್ಟವನ್ನು ಹತ್ತದೇ ಇದ್ದ ಗೆಳತಿಯರು ನನಗೆ ಇದ್ದಾರೆ. ಅವರ ಹೆಸರು ಹೇಳುವುದಿಲ್ಲ. ಇದನ್ನು ಓದುವಾಗ ಅವರಿಗೇ ತಿಳಿಯುವುದು.

ಭೀಮೆಯನ್ನು ದಾಟಿ ಶಹಾಪುರಕ್ಕೆ ಹೋದರೆ ಅಲ್ಲಿ ಮಲಗಿದ ಬುದ್ಧನ ಬೆಟ್ಟವಿದೆ. ಅಕ್ಕಪಕ್ಕದ ಕೆಲವು ಗುಡ್ಡಗಳ ಬೆನ್ನು ಒಂದರೊಡನೊಂದು ಸೇರಿ, ಅಂಗಾತ ಮಲಗಿದ ಮನುಷ್ಯನ ಹಣೆ, ಮೂಗು, ತುಟಿ, ಎದೆಗಳಂತೆ ತೋರುವುದರಿಂದ ಈ ಹೆಸರು ಬಂದಿದೆ. ದಾರಿಯಲ್ಲಿ ಒಂದು ಕಡೆ ನಿಂತು ಚಿತ್ರ ತೆಗೆದುಕೊಂಡು ಹೋಗುವವರು ಈಗ ಬಹಳ. ಆದರೆ ದಾರಿಯನ್ನು ಬಿಟ್ಟು ಬೆಟ್ಟದ ಕಡೆಗೆ ನಡೆಯತೊಡಗಿದರೆ ನಡೆಯುವ ಸಂಗತಿಯೇ ಬೇರೆ. ನೂರು ಹೆಜ್ಜೆಗೆ ಮೂಗು ಚಪ್ಪಟೆಯಾಗುವುದು. ಇನ್ನೂ ಮುಂದಕ್ಕೆ ಹೋದರೆ ತಲೆಯು ಎದೆಯಿಂದ ಬೇರೆಯಾಗಿ ಒಂದು ಸಾಧಾರಣ ಗುಡ್ಡವಾಗುವುದು. ಬುಡಕ್ಕೆ ಹೋಗಿ ನಿಂತರೆ ಬುದ್ಧನೂ ಇಲ್ಲ, ಮುಖವೂ ಇಲ್ಲ, ಸೀತಾಫಲದ ಗಿಡಗಳ ನಡುವೆ ಬಿಸಿಯಾದ ಬಂಡೆ ಮಾತ್ರ. ಹಿಂದಿರುಗಿ ಬರುವಾಗ ಅದೇ ಮುಖವು ಮತ್ತೆ ಕೂಡಿಕೊಳ್ಳುತ್ತದೆ. ಒಂದು ವಸ್ತುವಿನ ರೂಪವು ನೋಡುವವರು ನಿಂತ ಸ್ಥಳವನ್ನು ಅವಲಂಬಿಸಿದೆ ಎಂಬ ಪಾಠವನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲು ನಾನು ಎಷ್ಟೋ ಸಲ ಕಷ್ಟಪಟ್ಟಿದ್ದೇನೆ. ಅಲ್ಲಿ ಕಷ್ಟವೇ ಬೀಳಲಿಲ್ಲ.

ಶಹಾಪುರದಿಂದ ದಕ್ಷಿಣಕ್ಕೆ ಒಂದು ಗಂಟೆಗೆ ಮಿಕ್ಕಿದ ನಡಿಗೆಯಲ್ಲಿ ವಿಭೂತಿಹಳ್ಳಿಯೆಂಬ ಗ್ರಾಮವಿದೆ. ನಮ್ಮ ಸೀಮೆಯಲ್ಲಿ ಕಾಲ್ನಡೆಗೆ ಯೋಗ್ಯವಾದ ಒಂದೇ ಸ್ಥಳವನ್ನು ಹೇಳೆಂದರೆ ನಾನು ಇದನ್ನೇ ಹೇಳುವೆನು. ದೂರದಿಂದ ನೋಡಿದರೆ ಹೊಲದಲ್ಲಿ ಅಲ್ಲಲ್ಲಿ ಬಿದ್ದ ಗುಂಡುಗಲ್ಲುಗಳು; ಹತ್ತಿರಕ್ಕೆ ಹೋದರೂ ಹಾಗೆಯೇ. ಆದರೆ ಒಂದು ಕಲ್ಲಿನ ಹಿಂದೆ ನಿಂತು ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ನೋಡಿದರೆ ತಟ್ಟನೆ ಸಾಲು ಕಾಣಿಸುತ್ತದೆ. ಮುಂದಿನ ಕಲ್ಲು, ಅದರ ಮುಂದಿನದು, ಅದರಾಚೆಯದು, ದಾರ ಹಿಡಿದು ಇಟ್ಟಂತೆ. ಪಕ್ಕಕ್ಕೆ ತಿರುಗಿದರೆ ಇನ್ನೊಂದು ಸಾಲು. ಒಂದರಿಂದೊಂದಕ್ಕೆ ಹೆಜ್ಜೆ ಹಾಕಿ ಎಣಿಸಿದರೆ ಲೆಕ್ಕವು ಬಹುಮಟ್ಟಿಗೆ ಸಮನಾಗಿಯೇ ಬರುವುದು. ಕೆಲವು ಕಲ್ಲುಗಳು ಮಲಗಿದ ಎಮ್ಮೆಯಷ್ಟು ದೊಡ್ಡವು. ಹತ್ತು ಜನ ಗಂಡಸರು ಸೇರಿದರೂ ಸುಲಭವಾಗಿ ಅಲುಗುವಂಥವಲ್ಲ. ಬರವಣಿಗೆಯೂ ಅರಸರ ಹೆಸರೂ ಈ ನೆಲಕ್ಕೆ ಬಾರದ ಕಾಲದಲ್ಲಿ, ಕಬ್ಬಿಣವನ್ನು ಹೊಸದಾಗಿ ಕಲಿತ ಜನರು ಇವನ್ನು ಉರುಳಿಸಿ ತಂದು ಸಾಲು ಹಿಡಿಸಿದರೆಂದು ಪ್ರಾಕ್ತನಶಾಸ್ತ್ರಜ್ಞರು ಊಹಿಸುತ್ತಾರೆ. ಅಂದರೆ ಈಗ್ಗೆ ಎರಡು ಸಾವಿರದಿಂದ ಮೂರು ಸಾವಿರ ವರ್ಷಗಳ ಹಿಂದೆ.

ನಮ್ಮ ಸೀಮೆಯ ಇಂಥ ಕಲ್ಲುಗಳನ್ನು ಕುರಿತು ಮೊದಲು ಬರೆದವನು ಫಿಲಿಪ್ ಮೆಡೋಸ್ ಟೇಲರ್. ಈತನು ನಿಜಾಮರ ಸೇವೆಯಲ್ಲಿದ್ದವನು. ೧೮೪೧ರಲ್ಲಿ ಸುರಪುರಕ್ಕೆ ಬಂದು, ಎಳೆಯ ವಯಸ್ಸಿನ ಅರಸನಾದ ವೆಂಕಟಪ್ಪನಾಯಕನ ಪರವಾಗಿ ೧೮೫೩ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಸುರಪುರದ ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆಯು ಈಗಲೂ ಅವನ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ ಅದೇ ಅರಸನು ಮುಂದೆ ಇಂಗ್ಲಿಷರ ವಿರುದ್ಧ ಎದ್ದು, ೧೮೫೮ರಲ್ಲಿ ಸೆರೆಯಲ್ಲಿದ್ದಾಗ ಗುಂಡಿನಿಂದ ಮಡಿದುದು ನಮ್ಮ ಮನೆಮನೆಯ ಕಥೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಟೇಲರನು ಕಾರ್ಯನಿಮಿತ್ತವಾಗಿ ಹಳ್ಳಿಹಳ್ಳಿಗೆ ಹೋಗುವಾಗ ಕಂಡ ಕಲ್ಲುಗೋರಿಗಳನ್ನೂ ಸಾಲುಗಲ್ಲುಗಳನ್ನೂ ಅಳೆದು, ಚಿತ್ರ ಬರೆದು, ೧೮೫೩ರಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಇವು ತನ್ನ ದೇಶದ ಕಡೆಯ ಹಳೆಯ ಜನರ ಸಂಬಂಧಿಕರ ಕೆಲಸವೆಂದು ಅವನು ಬಗೆದುದು ತಪ್ಪೆಂದು ಈಗ ಎಲ್ಲರೂ ಒಪ್ಪಿದ್ದಾರೆ. ಕಟ್ಟಿದವರು ಇಲ್ಲಿಯವರೇ. ಆದರೆ ಅವನ ಅಳತೆಗಳಿಗೆ ಇಂದಿಗೂ ಬೆಲೆಯುಂಟು. ಏಕೆಂದರೆ ಅವನು ಅಳೆದುವುಗಳಲ್ಲಿ ಕೆಲವು ಈಗ ಕಾಗದದ ಮೇಲೆ ಮಾತ್ರ ಉಳಿದಿವೆ.

ಈ ಮಾತಿನ ಅರ್ಥವು ನನಗೆ ಹೊಲದಲ್ಲಿಯೇ ತಿಳಿಯಿತು. ನಾನು ಇದೇ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಭೂಗೋಲದ ಅಕ್ಕನವರು ಹನ್ನೆರಡು ಮಂದಿ ಹುಡುಗಿಯರನ್ನು ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ ನಡೆಸಿಕೊಂಡು ಹೋಗಿದ್ದರು. ಹೊಲದ ನಡುವೆ ಬಳೆಯಂತೆ ದುಂಡಗೆ ಜೋಡಿಸಿದ ಕಲ್ಲುಗಳಿದ್ದವು. ಒಳಗೆ ನೆಲವು ಸ್ವಲ್ಪ ಉಬ್ಬಿತ್ತು. ಇದು ಹಳೆಯ ಕಾಲದವರ ಗೋರಿ, ಒಳಗೆ ಮಡಕೆಗಳೂ ಎಲುಬುಗಳೂ ಇರುತ್ತವೆ, ಯಾರೂ ಕೆದಕಬಾರದೆಂದು ಹೇಳಿ, ಅಕ್ಕನವರು ನಮ್ಮಿಂದ ಕಲ್ಲುಗಳನ್ನು ಎಣಿಸಿಸಿದರು. ಇಪ್ಪತ್ತಾರು. ಆ ಲೆಕ್ಕವು ನನ್ನ ಅಭ್ಯಾಸದ ಪುಸ್ತಕದಲ್ಲಿ ಪೆನ್ಸಿಲಿನ ನಕ್ಷೆಯೊಡನೆ ಈಗಲೂ ಇದೆ. ಶಿಕ್ಷಕಿಯಾಗಿ ಬಂದ ಮೇಲೆ ನನ್ನ ವಿದ್ಯಾರ್ಥಿನಿಯರಿಗೆ ಅದನ್ನೇ ತೋರಿಸಬೇಕೆಂದು ಆ ಪುಸ್ತಕವನ್ನು ಹಿಡಿದುಕೊಂಡು ಹೋದೆನು. ಬಾವಿ ಇತ್ತು, ಬೇವಿನ ಮರವಿತ್ತು, ಬಳೆ ಇರಲಿಲ್ಲ. ಹೊಲವು ತಟ್ಟೆಯಂತೆ ಮಟ್ಟವಾಗಿ, ಕಾಲುವೆಯ ನೀರು ನಿಂತು, ಭತ್ತದ ಸಸಿ ಹಸುರಾಗಿತ್ತು. ಬದುವಿನ ಮೇಲೆ ಒಂದು ಕಲ್ಲಿನ ರಾಶಿ. ಹುಡುಗಿಯರು ಅದನ್ನೇ ಎಣಿಸಿದರು. ಹತ್ತೊಂಬತ್ತಕ್ಕೆ ಲೆಕ್ಕ ನಿಂತಿತು.

ಹೊಲದ ಯಜಮಾನನು ನಮ್ಮನ್ನು ಗದರಿಸಲಿಲ್ಲ. ಕೂರಿಸಿ ನೀರು ಕೊಟ್ಟನು. “ನಮ್ಮ ಮುತ್ಯಾನ ಕಾಲದಾಗ ಅದರಾಗ ಗಳೇ ಹೊಡೀತಿದ್ದಿಲ್ಲವ್ವಾ, ಸುತ್ತು ಹಾಕಿ ಹೊಡೀತಿದ್ರು. ಈಗ ನೀರು ಬಂತು. ನೀರು ಮಟ್ಟ ಬೇಡ್ತದ. ಕಲ್ಲು ಇಟಗೊಂಡು ಭತ್ತ ಹೆಂಗ ಹಚ್ಚಬೇಕು? ಅದು ಏನಂತ ನಮಗ ಯಾರರ ಹೇಳಿದ್ರ ನೋಡಬಹುದಿತ್ತು” ಎಂದನು. ಅವನ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರದ ಆಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಬರಗಾಲದಲ್ಲಿ ಪುಣೆ-ಮುಂಬಯಿಗೆ ಗುಳೆ ಹೋಗುತ್ತಿದ್ದ ಎಷ್ಟೋ ಮನೆಗಳು ಊರಲ್ಲಿಯೇ ನಿಂತು ಉಣ್ಣುವಂತಾದುವು. ಆ ನೀರು ಬೇಡವೆಂದು ಹೇಳುವ ಧೈರ್ಯ ಯಾರಿಗೆ ಬರಬೇಕು? ನನ್ನ ಮನಸ್ಸಿನಲ್ಲಿ ನಿಂತುದು ಅವನ ಕೊನೆಯ ಮಾತು. ಯಾರಾದರೂ ಬಂದು ನೋಡುವ ಸ್ಥಳವೆಂದು ಗೊತ್ತಿದ್ದರೆ, ಮೂರು ಗುಂಟೆಯನ್ನು ಬಿಟ್ಟು ಹೊಲವನ್ನು ಮಟ್ಟ ಮಾಡುವುದು ಅವನಿಗೆ ಕಠಿಣವಾಗುತ್ತಿರಲಿಲ್ಲ. ಅಕ್ಕನವರು ನಮ್ಮನ್ನು ಕರೆದೊಯ್ದ ವರ್ಷಕ್ಕೂ ನಾನು ಹೋದ ವರ್ಷಕ್ಕೂ ನಡುವೆ ನಮ್ಮ ಶಾಲೆಯಿಂದ ಯಾರೂ ಅಲ್ಲಿಗೆ ನಡೆದು ಹೋಗಿರಲಿಲ್ಲ.

ಸುರಪುರದ ಪಡುವಣಕ್ಕೆ ಹುಣಸಗಿಯ ಕಣಿವೆಯಿದೆ. ಹುಣಸಗಿಯು ಈಗ ತಾನೇ ಒಂದು ತಾಲ್ಲೂಕು. ಅಲ್ಲಿಯ ಸಂಗತಿಯು ಇನ್ನೂ ಆಶ್ಚರ್ಯಕರವಾದುದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ೧೯೬೦ರ ದಶಕದಿಂದ ಮೊದಲುಗೊಂಡು ಎಷ್ಟೋ ವರ್ಷ ಈ ಕಣಿವೆಯನ್ನೂ ಇದರ ಪಕ್ಕದ ಬೈಚಬಾಳದ ಕಣಿವೆಯನ್ನೂ ಹೊಲದಿಂದ ಹೊಲಕ್ಕೆ, ಹಳ್ಳದಿಂದ ಹಳ್ಳಕ್ಕೆ ಶೋಧಿಸಿದರು. ಆದಿಮಾನವರು ಕಲ್ಲಿನಿಂದ ಮಾಡಿದ ಕೊಡಲಿಗಳೂ ಕತ್ತಿಗಳೂ ದೊರೆತ ಸ್ಥಳಗಳು ಸುಮಾರು ಇನ್ನೂರು ಕಂಡುಬಂದವು. ಅವುಗಳಲ್ಲಿ ಇಸಾಂಪುರವೆಂಬುದು ಒಂದು. ನೆಲದಿಂದ ಎದ್ದ ಸುಣ್ಣಗಲ್ಲಿನ ಹಾಸುಗಳನ್ನು ಅಲ್ಲಿಯೇ ಒಡೆದು ಆಯುಧ ಮಾಡುತ್ತಿದ್ದರು. ಅಂದರೆ ಅದು ಕಲ್ಲಿನ ಗಣಿಯೂ ಕಮ್ಮಟವೂ ಆಗಿದ್ದಿತು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ, ಸ್ಥಳದ ಕಾಲವು ಸುಮಾರು ೧೨ ಲಕ್ಷ ವರ್ಷವೆಂದು ೨೦೦೨ರಲ್ಲಿ ಪ್ರಕಟಿಸಿದರು. ಭರತಖಂಡದಲ್ಲಿ ಮನುಷ್ಯನ ಕೈಕೆಲಸ ಕಂಡ ಅತಿ ಪ್ರಾಚೀನ ಸ್ಥಳಗಳಲ್ಲಿ ಇದೂ ಒಂದು. ಇದರಲ್ಲಿ ಒಂದು ವಿಚಿತ್ರವುಂಟು: ಈ ಗಣಿಯ ಮೇಲಿದ್ದ ಹೂಳುಮಣ್ಣನ್ನು ತೆಗೆದವರು ಪಂಡಿತರಲ್ಲ, ಕಾಲುವೆಯ ಕೆಲಸದವರು. ಮಣ್ಣು ಹೋದುದರಿಂದಲೇ ಕಲ್ಲಿನ ಆಯುಧಗಳು ಬೆಳಕಿಗೆ ಬಂದವು. ಒಂದು ಕಡೆ ಅಳಿಸಿದ ಕಾಲುವೆಯೇ ಇನ್ನೊಂದು ಕಡೆ ತೋರಿಸಿತು. ತೋರಿಸಿದಾಗ ನೋಡಲು ಅಲ್ಲಿ ನಡೆದು ಬಂದ ಒಬ್ಬರಿದ್ದರು ಎಂಬುದೇ ಭಾಗ್ಯ.

ಹುಣಸಗಿಗೆ ಹೋದವರು ಕೊಡೇಕಲ್ಲಿನ ಕಡೆಗೆ ಹೋಗಿ ರಾಜನಕೋಳೂರನ್ನು ನೋಡಿ ಬರಬಹುದು. ಅಲ್ಲಿ ಹಾಸುಗಲ್ಲುಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೊಂದು ಮುಚ್ಚಿ ಮಾಡಿದ ಕಲ್ಲುಮನೆಗಳಿವೆ. ಜನರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಗೇಣುದ್ದದ ಮೋರ್ಯರೆಂಬ ಜನರು ಹಿಂದೆ ಇದ್ದರೆಂದೂ, ಇವು ಅವರ ವಾಸದ ಮನೆಗಳೆಂದೂ ಕಥೆ. ಟೇಲರನು ಬಂದಾಗಲೂ ಅದೇ ಕಥೆಯನ್ನು ಹೇಳಿದ್ದರು. ನಾವು ಹೋದಾಗ ಕುರಿ ಕಾಯುತ್ತಿದ್ದ ಮುದುಕನೊಬ್ಬನು ನಮ್ಮ ಗುಂಪಿನ ಅತಿ ಚಿಕ್ಕ ಹುಡುಗಿಯನ್ನು ನೋಡಿ, “ಈಕಿ ಮೋರ್ಯಾರ ಮನಿತಾನದಾಕಿ ನೋಡ್ರಿ, ಇಲ್ಲೇ ಬಿಟ್ಟು ಹೋಗ್ರಿ” ಎಂದು ನಗಿಸಿದನು. ಇವು ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು ಎಂದು ನಾನು ಹೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, ಸತ್ತವರಿಗೂ ಮನೆ ಬೇಕಲ್ಲ ಎಂದನು. ಪ್ರಾಕ್ತನಶಾಸ್ತ್ರದ ಪುಸ್ತಕಗಳೂ ಇದಕ್ಕಿಂತ ಬಹಳ ಹೆಚ್ಚೇನನ್ನೂ ಹೇಳುವುದಿಲ್ಲ.

ನಾರಾಯಣಪುರದ ಜಲಾಶಯದ ಕಡೆಗಿರುವ ಹನಮಸಾಗರದ ಸಾಲುಗಲ್ಲುಗಳು ವಿಭೂತಿಹಳ್ಳಿಯವಕ್ಕಿಂತ ದೊಡ್ಡ ವಿಸ್ತಾರದವು. ಸುತ್ತ ಗುಡ್ಡಗಳಿರುವ ಬಯಲಿನಲ್ಲಿ ಸುಮಾರು ೬೦೦ ಮೀಟರ್ ಉದ್ದಗಲದ ಚೌಕ. ಅದರಲ್ಲಿ ಐವತ್ತು ಅಡ್ಡಸಾಲು, ಐವತ್ತು ಉದ್ದಸಾಲು. ಕಲ್ಲಿನಿಂದ ಕಲ್ಲಿಗೆ ಸುಮಾರು ೧೨ ಮೀಟರ್. ಗುಣಿಸಿ ನೋಡಿದರೆ ಎರಡೂವರೆ ಸಾವಿರ ಕಲ್ಲುಗಳ ಲೆಕ್ಕ. ಬೆಂಗಳೂರಿನ ಖಭೌತಶಾಸ್ತ್ರದ ಸಂಸ್ಥೆಯ ಎನ್. ಕಾಮೇಶ್ವರರಾಯರು ಇವನ್ನು ಪರೀಕ್ಷಿಸಿ, ಉತ್ತರಾಯಣ ದಕ್ಷಿಣಾಯನಗಳ ಕೊನೆಯ ದಿನಗಳಲ್ಲಿ ಸೂರ್ಯನು ಹುಟ್ಟುವ ಮುಳುಗುವ ದಿಕ್ಕುಗಳನ್ನು ಈ ಸಾಲುಗಳಿಂದ ಗುರುತಿಸಬಹುದೆಂದು ಬರೆದಿದ್ದಾರೆ. ಪಂಚಾಂಗವನ್ನು ಕಾಗದದ ಮೇಲೆ ಬರೆಯಲು ಬಾರದವರು ನೆಲದ ಮೇಲೆ ಬರೆದರೇ ಎಂಬುದು ಪ್ರಶ್ನೆ. ಎಲ್ಲಾ ಪಂಡಿತರೂ ಇದಕ್ಕೆ ಹೌದೆಂದಿಲ್ಲ. ಹುಡುಗಿಯರು ಮಾತ್ರ ಒಮ್ಮೆಗೇ ಹೌದೆಂದರು.

ಬೂದಿಹಾಳವನ್ನು ಬಿಡುವಂತಿಲ್ಲ. ಹೆಸರಿನಲ್ಲಿಯೇ ಬೂದಿಯಿದೆ. ಈ ಕಡೆಯ ಹಲವು ಸ್ಥಳಗಳಲ್ಲಿ ಬೂದಿಯ ದೊಡ್ಡ ದಿಬ್ಬಗಳು ಕಂಡುಬರುತ್ತವೆ. ಕೆಲವು ಭಾಗ ಕರಗಿ ಗಾಜಿನಂತೆ ಗಟ್ಟಿಯಾಗಿರುತ್ತದೆ. ಹಂಪೆಯ ಹತ್ತಿರದ ಅಂಥದೊಂದು ದಿಬ್ಬವನ್ನು ವಾಲಿಯ ಚಿತೆಯೆಂದು ಜನರು ನಂಬುತ್ತಾರೆ; ಜ್ವಾಲಾಮುಖಿಯ ಬೂದಿಯಿರಬೇಕೆಂದು ಹಿಂದಿನ ಕೆಲವು ದೊರೆಗಳು ಊಹಿಸಿದ್ದೂ ಉಂಟು. ಇದು ದನದ ಸಗಣಿಯ ಬೂದಿಯೆಂಬುದು ಈಗ ಸ್ಥಿರಪಟ್ಟಿದೆ. ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ೧೯೫೭ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯಲ್ಲಿ ದನಗಳ ಗೊರಸಿನ ಗುರುತುಗಳೇ ಕಾಣಿಸಿದವು. ಬೂದಿಹಾಳದಲ್ಲಿ ಪದ್ದಯ್ಯನವರು ೧೯೯೦ರ ದಶಕದಲ್ಲಿ ಅಗೆದು, ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ದನಗಾಹಿಗಳ ಊರನ್ನೇ ತೋರಿಸಿದರು: ಬೂದಿಯ ದಿಬ್ಬ, ಮಾಂಸ ಕೊಯ್ಯುತ್ತಿದ್ದ ನೆಲ, ಕಲ್ಲಿನ ಅಲಗು ಮಾಡುತ್ತಿದ್ದ ಸ್ಥಳ. ಕೊಟ್ಟಿಗೆಯ ಸಗಣಿ ಬಳಿದು ಕುಳ್ಳು ತಟ್ಟುವ ಕೆಲಸವನ್ನು ಕೀಳೆಂದು ತಿಳಿಯುವ ಹುಡುಗಿಯರು ಒಮ್ಮೆ ಅಲ್ಲಿ ನಿಂತು ನೋಡುವುದು ಲೇಸು.

ಮಿಕ್ಕ ಸ್ಥಳಗಳನ್ನು ಬೇಗ ಹೇಳಿ ಮುಗಿಸುವೆನು. ಸುರಪುರದ ಸಮೀಪದ ವಾಗಣಗೇರಾದ ಕೋಟೆಯ ಗುಡ್ಡವು ಬೆಳಗಿನ ನಡಿಗೆಗೆ ಯೋಗ್ಯ. ಔರಂಗಜೇಬನು ೧೭೦೫ರಲ್ಲಿ ತಾನೇ ನಿಂತು ಮುತ್ತಿದ ಕೊನೆಯ ಕೋಟೆ ಇದು, ಬೇಡನಾಯಕರು ರಾತ್ರಿಯಲ್ಲಿ ಅವನ ಕೈತಪ್ಪಿಸಿಕೊಂಡು ಹೋದುದೂ ಇಲ್ಲಿಂದಲೇ. ಬೋನಾಳದ ಕೆರೆಗೆ ಚಳಿಗಾಲದಲ್ಲಿ ಹೋದರೆ ಕೊಕ್ಕರೆ, ಕೆಂಬರಲು, ಬಾತುಗಳ ಸಂತೆಯನ್ನು ನೋಡಬಹುದು. ಬಿಳಿಯ ಬಟ್ಟೆಯನ್ನು ಉಟ್ಟು ಹೋಗಬಾರದು, ಹಕ್ಕಿಗಳು ದೂರದಿಂದಲೇ ಏಳುತ್ತವೆ. 

ನೀರು ಬೀಳುವುದನ್ನು ನೋಡಬೇಕೆನ್ನುವವರು ಮಳೆಗಾಲದಲ್ಲಿ ಗುರುಮಿಟ್ಕಲ್ಲಿನ ಕಡೆಗೆ ಹೋಗತಕ್ಕದ್ದು. ಚಿಂತನಹಳ್ಳಿಯಲ್ಲಿ ಗವಿ ಸಿದ್ಧಲಿಂಗೇಶ್ವರನ ಗುಡಿಯ ಎದುರಿಗೇ ನೀರು ಧುಮುಕುತ್ತದೆ. ನಜರಾಪುರದ ಜಲಪಾತಕ್ಕೆ ದಬದಬಿ ಎಂದು ಹೆಸರಿಟ್ಟವರು ಕಿವಿಯಿಂದ ಕೇಳಿಯೇ ಇಟ್ಟಿರಬೇಕು. ಮಳೆಗಾಲದಲ್ಲಿ ಬಂಡೆಗಳ ಮೇಲೆ ಪಾಚಿ ಕಟ್ಟಿರುವುದರಿಂದ ಅಲ್ಲಿಗೆ ಚಿಕ್ಕವರನ್ನು ಕರೆದುಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ತಾಯಂದಿರು ಕೇಳುವ ಮಾತು: ಹೆಣ್ಣುಮಕ್ಕಳು ಇಷ್ಟು ದೂರ ನಡೆಯಬಹುದೇ? ಮೈಲಾಪುರದ ಜಾತ್ರೆಗೆ ಸಂಕ್ರಾಂತಿಯಲ್ಲಿ ನಡೆದು ಹೋಗುವವರಲ್ಲಿ ಹೆಂಗಸರು ಎಷ್ಟು ಮಂದಿ ಎಂಬುದನ್ನು ಅವರೇ ಬಲ್ಲರು. ಯುಗಾದಿಯ ಮುಂಚಿನ ಬಿಸಿಲಿನಲ್ಲಿ ಶ್ರೀಶೈಲದವರೆಗೆ ತಲೆಯ ಮೇಲೆ ಗಂಟು ಹೊತ್ತು ನಡೆಯುವ ಅಜ್ಜಿಯರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಕಸ ತೆಗೆಯುವುದಕ್ಕೆಂದು, ಹತ್ತಿ ಬಿಡಿಸುವುದಕ್ಕೆಂದು ಹೊಲಕ್ಕೆ ಹೋಗಿ ಬರುವ ತಾಯಂದಿರು ದಿನಕ್ಕೆ ಎಷ್ಟು ನಡೆಯುತ್ತಾರೆಂದು ಯಾರೂ ಅಳೆದಿಲ್ಲ. ಆದುದರಿಂದ ನಡಿಗೆಯು ಹೊಸದಲ್ಲ. ಕೆಲಸವಿಲ್ಲದೆ, ಹರಕೆಯಿಲ್ಲದೆ, ಬರೇ ನೋಡುವುದಕ್ಕೆಂದು ಹುಡುಗಿ ನಡೆಯುವುದು ಮಾತ್ರ ಹೊಸದು. ಮನೆಯವರಿಗೆ ಅಳುಕು ತರುವುದೂ ಅದೇ ಎಂದು ನನಗೆ ತೋರುತ್ತದೆ. ಆ ಅಳುಕಿಗೆ ತಕ್ಕ ಕಾರಣವೂ ಇಲ್ಲದಿಲ್ಲವಾದ್ದರಿಂದ, ನಾವು ಎಂದೂ ಎಂಟಕ್ಕೆ ಕಡಿಮೆ ಮಂದಿ ಹೋಗುವುದಿಲ್ಲ. ಹಿಂದಿನ ದಿನವೇ ಆ ಊರಿನ ಯಾರಾದರೊಬ್ಬ ಪರಿಚಿತರಿಗೆ ತಿಳಿಸಿರುತ್ತೇವೆ. ತಾಯಂದಿರಲ್ಲಿ ಇಬ್ಬರನ್ನು ಜತೆಗೆ ಕರೆಯುತ್ತೇವೆ. ಹಾಗೆ ಬಂದ ತಾಯಂದಿರೇ ಮುಂದಿನ ಸಲ ಉಳಿದವರನ್ನು ಒಪ್ಪಿಸುತ್ತಾರೆ.

ಕಾಲವೆಂದರೆ ಕಾರ್ತಿಕದಿಂದ ಮಾಘದವರೆಗೆ. ಬೇಸಗೆಯಲ್ಲಿ ನಮ್ಮ ಬಂಡೆಗಳು ಹಂಚಿನಂತೆ ಕಾಯುವುವು. ಆಗ ಹೋಗುವುದು ಹುಚ್ಚುತನ. ಮಳೆಯಾದ ಮರುದಿನ ಎರೆಯ ಹೊಲಕ್ಕೆ ಇಳಿದವರ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಹತ್ತುವುದನ್ನು ನಾನು ಹೇಳಬೇಕಾಗಿಲ್ಲ. ಬೆಳಗಿನ ಐದೂವರೆಗೆ ಹೊರಟು ಹತ್ತೂವರೆಗೆ ನೆರಳು ಸೇರಬೇಕು. ಒಬ್ಬೊಬ್ಬರಿಗೆ ಎರಡು ಸೇರಿನಷ್ಟಾದರೂ ನೀರು ಬೇಕು, ದಾರಿಯ ಬಾವಿಯನ್ನು ನಂಬಬಾರದು. ಕಲ್ಲಿನ ಕೆಳಗೆ ಕೈಹಾಕಿದರೆ ಚೇಳು ಇರುವುದು. ಬಂಡೆಯ ಕೊರಕಲಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಗದ್ದಲವಿಲ್ಲದೆ ದೂರದಿಂದಲೇ ಹಾದು ಹೋಗತಕ್ಕದ್ದು. ಜೋಳ ನಿಂತ ಹೊಲಕ್ಕೆ ಕೇಳದೆ ಕಾಲಿಡಬಾರದು. ಕೊನೆಯದಾಗಿ, ಚೂಪಾದ ಕಲ್ಲಿನ ಅಲಗಾಗಲಿ ಮಡಕೆಯ ಚೂರಾಗಲಿ ಕಂಡರೆ ಜೇಬಿಗೆ ಹಾಕಿಕೊಳ್ಳದೆ ಅಲ್ಲಿಯೇ ಬಿಡಬೇಕು. ಇದ್ದ ಸ್ಥಳದಿಂದ ಎತ್ತಿದ ಮರುಕ್ಷಣವೇ ಅದು ತನ್ನ ಕಥೆಯನ್ನು ಕಳೆದುಕೊಂಡು ಬರೇ ಕಲ್ಲಾಗುವುದು. ನಮ್ಮ ಹುಡುಗಿಯರು ತರುವುದು ಪುಸ್ತಕದಲ್ಲಿ ಬರೆದ ನಕ್ಷೆ ಮತ್ತು ಲೆಕ್ಕ ಮಾತ್ರ. ಈಗ ಇಂಥ ನಕ್ಷೆಗಳು ಶಾಲೆಯ ಕಪಾಟಿನಲ್ಲಿ ಹದಿನೇಳು ಆಗಿವೆ. ಪ್ರತಿಯೊಂದರ ಮೇಲೆ ತಾರೀಖು, ಹಳ್ಳಿಯ ಹೆಸರು, ಕಲ್ಲುಗಳ ಸಂಖ್ಯೆ, ದಾರಿ ಹೇಳಿದವರ ಮಾತು. ಹೊಲದ ಯಜಮಾನರಿಗೂ ಒಂದು ಪ್ರತಿಯನ್ನು ಬರೆದು ಕೊಡುತ್ತೇವೆ. ಇಬ್ಬರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದಾರೆ.

ಕಳೆದ ಡಿಸೆಂಬರದ ೨೨ನೆಯ ತಾರೀಖು ನಸುಕಿನಲ್ಲಿ ನಾವು ವಿಭೂತಿಹಳ್ಳಿಯ ಕಲ್ಲುಗಳ ನಡುವೆ ನಿಂತಿದ್ದೆವು. ನಮ್ಮ ಅಕ್ಷಾಂಶದಲ್ಲಿ ಆ ದಿನ ಸೂರ್ಯನು ನೇರ ಮೂಡಲಿನಿಂದ ೨೪ ಅಂಶಗಳಿಗೆ ಸ್ವಲ್ಪ ಹೆಚ್ಚಾಗಿ ತೆಂಕಲಿಗೆ ಸರಿದು ಹುಟ್ಟಬೇಕೆಂದು ತರಗತಿಯಲ್ಲಿ ಗಣಿತ ಮಾಡಿದ್ದೆವು. ದಿಕ್ಸೂಚಿಯನ್ನು ಕಲ್ಲಿನ ಮೇಲಿಡಬಾರದು, ಕಲ್ಲಿನಲ್ಲಿ ಕಬ್ಬಿಣವಿದ್ದರೆ ಮುಳ್ಳು ಸುಳ್ಳು ಹೇಳುವುದೆಂದು, ಹಲಗೆಯ ಮೇಲಿಟ್ಟು ಇಬ್ಬರು ಹಿಡಿದಿದ್ದರು. ಚಳಿಗೆ ಎಲ್ಲರೂ ಸೆರಗು, ದುಪ್ಪಟ ಸುತ್ತಿಕೊಂಡಿದ್ದರು. ಕೆಂಪು ಅಂಚು ಕಾಣಿಸಿದೊಡನೆ ಹಲಗೆಯ ಹುಡುಗಿ “ಇಪ್ಪತ್ನಾಕು, ಅಲ್ಲ ಇಪ್ಪತ್ತೈದು” ಎಂದು ಕೂಗಿದಳು. ಕಲ್ಲುಗಳ ನೆರಳು ಒಂದೊಂದೂ ಹೊಲದುದ್ದಕ್ಕೆ ಬಿದ್ದು, ಸಾಲುಗಳು ಇನ್ನೂ ಸ್ಪಷ್ಟವಾದುವು. ಗುಂಪಿನ ಹಿಂದೆ, ಮೊದಲ ವರ್ಷ ಬಾರದೆ ಹೋದ ಆ ಹುಡುಗಿಯ ತಂಗಿಯೂ ಇದ್ದಳು. ಅವಳನ್ನು ಮೋಟಾರ್ ಸೈಕಲ್ಲಿನ ಮೇಲೆ ಕರೆದುತಂದ ತಂದೆಯವರು ದಾರಿಯ ಮೇಲೆಯೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರೂ ಇಳಿದು ಬಂದು, ಒಂದು ಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದರು. ಏನೂ ಹೇಳಲಿಲ್ಲ. ಎದ್ದು ಮುಂದಿನ ಕಲ್ಲಿಗೆ ಹೋಗಿ ಅಲ್ಲಿಂದಲೂ ನೋಡಿದರು. ಅಷ್ಟರಲ್ಲಿ ಹುಡುಗಿಯರು ಬದುವಿನ ಮೇಲೆ ಕೂತು ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿಯ ಗಂಟುಗಳನ್ನು ಬಿಚ್ಚಿದ್ದರು.